ಗೋಡೆಗೆ ಮುಖ ಮಾಡಿದ ಹಲಗೆ

ನಮ್ಮೂರಿನ ದನಿಗಾರರ ಮಂಡಳಿಯ ಸಭಾಂಗಣದಲ್ಲಿ ಹದಿನೇಳು ಹಲಗೆಗಳಿವೆ. ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ಒಂದೊಂದು ಹೆಸರು. ಎಡದಿಂದ ಐದನೆಯದು ನನ್ನದು. ಅದರ ಮೇಲೆ ದಾಕ್ಷಾಯಿಣಿ ಎಂದು ಬರೆದಿದೆ ಎನ್ನುವುದಕ್ಕೆ ಸದ್ಯ ನೀವು ನನ್ನ ಮಾತನ್ನೇ ನಂಬಬೇಕು, ಏಕೆಂದರೆ ಈಗ ಅದು ಗೋಡೆಗೆ ಮುಖ ಮಾಡಿ ನೇತಾಡುತ್ತಿದೆ. ಕಾಣುವುದು ಬೆನ್ನು ಮಾತ್ರ: ಎರಡು ಮೊಳೆ, ಮರದ ಒಂದು ಗಂಟು, ಒಂದಿಷ್ಟು ಜೇಡರ ಬಲೆ. ಹಾಗೆ ತಿರುಗಿಸಿದ್ದು ನ್ಯಾಯವೇ ಎಂದು ಕೇಳಿದರೆ, ನ್ಯಾಯವೇ. ಅವರಿವರ ಮಾತು ಕೇಳಿ ನನ್ನ ಬಗ್ಗೆ ಮರುಗುವವರು ಊರಲ್ಲಿ ಜಾಸ್ತಿಯಾಗಿದ್ದಾರೆ. ಅವರ ಮರುಕ ನನಗೆ ಬೇಡ. ಅದಕ್ಕೇ ನಡೆದದ್ದನ್ನು ನಾನೇ ಹೇಳುತ್ತಿದ್ದೇನೆ.

ಪ್ರತಿ ವರ್ಷ ಗಾಳಿ ತಿಂಗಳಲ್ಲಿ ಊರಿನ ಅರ್ಧ ಜನಕ್ಕೆ ದನಿ ಹೋಗುತ್ತದೆ. ಆಕಳಿಸಲು, ಕೂಗಲು, ಬಿಸಿ ಕಾಫಿ ಊದಲು ಬಾಯಿ ತೆರೆದರೆ ಸಾಕು, ಪಡುವಣ ಗಾಳಿ ಅದನ್ನು ಸೆಳೆದುಕೊಂಡು ಹೋಗಿ ಹತ್ತಿರದ ಯಾವುದೋ ಪೊಳ್ಳಿನಲ್ಲಿ ತುರುಕುತ್ತದೆ. ಮಣ್ಣಿನ ಹರವಿ, ಬಿದಿರಿನ ಏಣಿ, ಸೈಕಲ್ಲಿನ ಹ್ಯಾಂಡಲ್ಲು, ಎಲ್ಲಿ ಬೇಕಾದರೂ ಇರಬಹುದು. ಯಾರೂ ಗಾಬರಿಯಾಗುವುದಿಲ್ಲ. ಬಾಗಿಲಿಗೆ ಒಂದು ಹಸಿರು ಚಿಂದಿ ಕಟ್ಟಿ ಸುಮ್ಮನೆ ಕೂರುತ್ತಾರೆ. ಚಿಂದಿ ನೋಡಿ ನಾವು ಹೋಗುತ್ತೇವೆ, ಕಿವಿಯಿಟ್ಟು ಹುಡುಕುತ್ತೇವೆ, ಸಿಕ್ಕಿದ ದನಿಯನ್ನು ಪುಸಲಾಯಿಸಿ ಹಿತ್ತಾಳೆ ಗಿಂಡಿಗೆ ಇಳಿಸಿಕೊಂಡು, ಒದ್ದೆ ಬಟ್ಟೆ ಮುಚ್ಚಿ ತಂದು, ಕಳೆದುಕೊಂಡವರ ಬಾಯಿಗೆ ಹೊಯ್ಯುತ್ತೇವೆ. ದೀಪ ಹಚ್ಚುವ ಹೊತ್ತಿನೊಳಗೆ ಹೊಯ್ಯಬೇಕು. ಅದು ಮೀರಿದರೆ ಗಿಂಡಿಯಲ್ಲೇ ದನಿ ಆರಿಹೋಗುತ್ತದೆ.

ಈ ಕೆಲಸಕ್ಕೆ ಕಿವಿ ಬೇಕು, ಕೈಗುಣ ಬೇಕು, ಅದಕ್ಕಿಂತ ಮೊದಲು ಮಂಡಳಿಯ ಪಟ್ಟಿಯಲ್ಲಿ ಹೆಸರು ಬೇಕು. ಹೆಸರಿಲ್ಲದವರು ಗಿಂಡಿ ಮುಟ್ಟುವಂತಿಲ್ಲ. ಹೆಸರಿದ್ದವರು ತಪ್ಪಿದರೆ ಮೂರು ಬಗೆಯ ಶಿಕ್ಷೆ. ಸಣ್ಣ ತಪ್ಪಿಗೆ ಹಲಗೆಗೆ ಕಪ್ಪು ದಾರ ಕಟ್ಟುತ್ತಾರೆ. ದೊಡ್ಡ ತಪ್ಪಿಗೆ ಹಲಗೆಯನ್ನು ಗೋಡೆಗೆ ತಿರುಗಿಸುತ್ತಾರೆ. ತಿರುಗಿರುವಷ್ಟು ದಿನ ಕೆಲಸವಿಲ್ಲ. ಕ್ಷಮಿಸಲಾಗದ್ದನ್ನು ಮಾಡಿದರೆ ಹಲಗೆಯನ್ನೇ ಇಳಿಸಿ, ಹೆಸರನ್ನು ಹೆರೆದು, ಬಡಗಿಗೆ ಕೊಟ್ಟು ಮಣೆ ಮಾಡಿಸುತ್ತಾರೆ. ಮಂಡಳಿಯ ಜವಾನ ಬಾಗಿಲಲ್ಲಿ ಹಾಕಿಕೊಂಡು ಕೂರುವ ಮಣೆ ಹಾಲಪ್ಪ ಎಂಬುವನ ಹಲಗೆ. ಸತ್ತ ಹೆಂಗಸಿನ ದನಿಯನ್ನು ಅವಳ ಗಂಡ ಬೇಡಿಕೊಂಡನೆಂದು ಎರಡನೆಯ ಹೆಂಡತಿಯ ಬಾಯಿಗೆ ಹೊಯ್ದಿದ್ದ ಆತ. ಅವನ ಹೆಸರು ತೆಗೆಯಬೇಕೆಂದು ಕೈಯೆತ್ತಿದವರಲ್ಲಿ ನಾನೇ ಮೊದಲನೆಯವಳು.

ನಮ್ಮ ನಿಯಮಗಳಲ್ಲೆಲ್ಲ ದೊಡ್ಡದು ಸಾಕ್ಷಿಯ ನಿಯಮ. ಗಿಂಡಿಯೊಳಗೆ ಎಲ್ಲ ದನಿಯೂ ಪಿಸುಗುಡುತ್ತದೆ, ಗಂಡಸಿನದೋ ಹೆಂಗಸಿನದೋ ಎಂದು ಹೇಳುವುದೇ ಕಷ್ಟ. ಕಳೆದುಕೊಂಡವರನ್ನೇ ಕೇಳೋಣವೆಂದರೆ ತಮ್ಮ ದನಿ ಹೊರಗಿನಿಂದ ಹೇಗೆ ಕೇಳಿಸುತ್ತದೆಂದು ಅವರಿಗೇ ಗೊತ್ತಿರುವುದಿಲ್ಲ. ಆದ್ದರಿಂದ ಹೊಯ್ಯುವ ಮುಂಚೆ ಮನೆಯವರೊಬ್ಬರು ಗಿಂಡಿಗೆ ಕಿವಿಯಿಟ್ಟು ಕೇಳಿ, ಇದು ನಮ್ಮವರದೇ ಎಂದು ಹೇಳಿ, ಸಾಕ್ಷಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಬೇಕು. ಇಪ್ಪತ್ತೇಳು ವರ್ಷ ನಾನು ಆ ನಿಯಮ ಮೀರಿದವಳಲ್ಲ. ಹಾಗೆಂದು ಎಲ್ಲರೆದುರೂ ಹೇಳಿಕೊಂಡು ತಿರುಗುತ್ತಿದ್ದೆ ಕೂಡ.

ಹೋದ ವರ್ಷದ ಗಾಳಿ ತಿಂಗಳಲ್ಲಿ ಹಿಟ್ಟಿನ ಗಿರಣಿಯಲ್ಲಿ ಒಟ್ಟಿಗೇ ಇಬ್ಬರ ದನಿ ಹೋಯಿತು. ಒಬ್ಬಳು ಸೊಪ್ಪಿನ ಚೌಡಮ್ಮ. ಬೆಳಿಗ್ಗೆ ಆರಕ್ಕೆ ಅವಳು ಮೇಗಳ ಬೀದಿಯಲ್ಲಿ ದಂಟಿನ ಸೊಪ್ಪು ಎಂದು ಕೂಗಿದರೆ ಕೆಳಗಿನ ಬೀದಿಯವರು ಎದ್ದು ಮುಖ ತೊಳೆಯುತ್ತಿದ್ದರು. ಇನ್ನೊಬ್ಬಳು ಗಿರಿಜಮ್ಮನ ಸೊಸೆ. ಹಗ್ಗದ ಅಂಗಡಿ ಷಡಕ್ಷರಿಯ ಹೆಂಡತಿ ಎಂದರೂ ಅವಳೇ. ಆ ಮನೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಅವಳನ್ನು ನೋಡಿದವರು ಇದ್ದರು, ಅವಳ ಮಾತು ಕೇಳಿದವರು ಅಪರೂಪ.

ಗಿರಣಿಯ ಕೊಳವೆಯಲ್ಲಿ ಎರಡು ದನಿಯೂ ಸಿಕ್ಕವು. ಎರಡು ಗಿಂಡಿಗೆ ಇಳಿಸಿಕೊಂಡೆ. ಒಂದು ಹಗುರ, ಇನ್ನೊಂದು ಕೈ ಸೋಲುವಷ್ಟು ಭಾರ. ಭಾರದ್ದು ಚೌಡಮ್ಮನದು ಎಂದು ತೀರ್ಮಾನಿಸಿಬಿಟ್ಟೆ. ಅಷ್ಟು ದೊಡ್ಡ ದನಿ ಭಾರವಿರದೆ ಇರುತ್ತದೆಯೇ? ದಿನಾ ಬೆಳಗಾದರೆ ಖರ್ಚಾಗುವ ದನಿ ಹಗುರವಿರುತ್ತದೆ, ಬಳಸದೆ ಇಟ್ಟದ್ದು ತುಂಬಿಕೊಂಡಿರುತ್ತದೆ ಎನ್ನುವುದು ಇಪ್ಪತ್ತೇಳು ವರ್ಷದ ಅನುಭವಸ್ಥೆಗೆ ಹೊಳೆಯಲಿಲ್ಲ.

ಮೊದಲು ಗಿರಿಜಮ್ಮನ ಮನೆಗೆ ಹೋದೆ. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಗಿರಿಜಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಹಗುರವಾದ ಗಿಂಡಿಯನ್ನು ಅವರ ಕಿವಿಗೆ ಹಿಡಿದೆ.

"ನಿಮ್ಮ ಸೊಸೇದೇನಾ ನೋಡಿ ಹೇಳಿ, ಗಿರಿಜಮ್ಮ."

ಅವರು ಸ್ವಲ್ಪ ಹೊತ್ತು ಕೇಳಿದರು. "ನಂಗೇನು ಗೊತ್ತಾಗತ್ತೆ ದಾಕ್ಷಾಯಣಮ್ಮ? ಅವಳು ಮಾತಾಡಿದ್ರೆ ತಾನೇ?"

"ಒಂದ್ಸಲ ಆದ್ರೂ ಕೇಳಿರ್ತೀರಲ್ಲ, ಹನ್ನೊಂದು ವರ್ಷದಲ್ಲಿ."

"ಹೂಂ, ಹಾಂ ಅಂತಾಳೆ. ಅದ್ರಲ್ಲಿ ಏನು ಗುರುತು ಹಿಡಿಯೋದು? ಷಡಕ್ಷರಿ ಬರ್ಲಿ, ಅವನ್ನ ಕೇಳಿ."

ಅಂಗಡಿಯಿಂದ ಊಟಕ್ಕೆ ಬಂದ ಷಡಕ್ಷರಿಯೂ ಗಿಂಡಿಗೆ ಕಿವಿಯಿಟ್ಟ. ಹಣೆ ಕೆರೆದುಕೊಂಡ. "ಇರ್ಬೋದು" ಎಂದ. ಇರಬಹುದು ಎನ್ನುವುದಕ್ಕೆ ನಮ್ಮ ಪುಸ್ತಕದಲ್ಲಿ ಜಾಗವಿಲ್ಲ. ಹೌದು ಅಥವಾ ಅಲ್ಲ. ನಾನು ಬಾಗಿಲ ಕಡೆ ನೋಡಿದೆ. ಆ ಹುಡುಗಿ ತಲೆ ತಗ್ಗಿಸಿಕೊಂಡು ನಿಂತಿದ್ದಳು. ಹನ್ನೊಂದು ವರ್ಷ ಒಂದೇ ಒಲೆಯ ಅನ್ನ ಉಂಡವರಿಗೆ ಅವಳ ದನಿಯ ಗುರುತಿಲ್ಲ ಎನ್ನುವುದು ಅವಳೆದುರಿಗೇ ರುಜುವಾತಾಗುತ್ತಿತ್ತು. ಬೇಗ ಮುಗಿಸಿ ಅವಳ ಮಾನ ಉಳಿಸಬೇಕು ಅನ್ನಿಸಿತು. ಷಡಕ್ಷರಿ ಊಟಕ್ಕೆ ಕೂತ, ಗಿರಿಜಮ್ಮ ಬಡಿಸಲು ಎದ್ದರು. ಪುಸ್ತಕ ತೆಗೆದು, ಗಿರಿಜಮ್ಮನ ಹೆಸರಿನ ಮುಂದೆ ನನ್ನದೇ ಹೆಬ್ಬೆಟ್ಟು ಒತ್ತಿದೆ. ಗಿಂಡಿ ಎತ್ತಿದಾಗ ಅವಳು ಒಂದು ಕೈ ಮುಂದೆ ಮಾಡಿದಳು. ಬೇಗ ಕೊಡಿ ಎನ್ನುತ್ತಿದ್ದಾಳೆ ಅಂದುಕೊಂಡೆ. ಹೊಯ್ದುಬಿಟ್ಟೆ.

ಅಲ್ಲಿಂದ ನೇರವಾಗಿ ಚೌಡಮ್ಮನ ಗುಡಿಸಲಿಗೆ. ಅವಳಿಗೆ ಮನೆಯವರು ಅಂತ ಯಾರೂ ಇಲ್ಲ, ಪಕ್ಕದ ಮನೆಯವಳು ಸಾಕ್ಷಿಗೆ ಬಂದಳು. ಗಿಂಡಿಗೆ ಕಿವಿಯಿಟ್ಟವಳೇ, "ಇದು ಚೌಡಕ್ಕಂದಲ್ಲ ಕಣವ್ವ" ಎಂದಳು. ಇನ್ನೊಂದು ಸಲ ಕೇಳು ಎಂದೆ. "ಹತ್ತು ಸಲ ಕೇಳಿದ್ರೂ ಅಷ್ಟೇಯ. ಚೌಡಕ್ಕನ ದನಿ ಗುಡಾಣದೊಳಗಿದ್ರೂ ನಂಗೆ ತಿಳೀತದೆ." ಹೊರಗೆ ಬಿಸಿಲು ಇಳಿಯುತ್ತಿತ್ತು. ಒಮ್ಮೆ ಹೊಯ್ದ ದನಿಯನ್ನು ನಲವತ್ತೆಂಟು ದಿನ ಅಲ್ಲಾಡಿಸುವಂತಿಲ್ಲ, ಹರಿದುಹೋಗುತ್ತದೆ. ಕೈಯಲ್ಲಿರುವುದನ್ನು ಹೊಯ್ಯದೆ ಬಿಟ್ಟರೆ ದೀಪದ ಹೊತ್ತಿಗೆ ಆರಿಹೋಗುತ್ತದೆ. ಚೌಡಮ್ಮನಿಗೆ ಎಲ್ಲವನ್ನೂ ಹೇಳಿದೆ. ನಿನ್ನ ದನಿಯನ್ನು ತಪ್ಪಿ ಬೇರೆಯವಳಿಗೆ ಕೊಟ್ಟಿದ್ದೇನೆ, ಇದು ಅವಳದು, ನೀನು ಇಟ್ಟುಕೊಳ್ಳದಿದ್ದರೆ ಅವಳು ಆಯುಷ್ಯಪೂರ್ತಿ ಮೂಗಿಯಾಗುತ್ತಾಳೆ ಎಂದೆ. ದನಿಯಿಲ್ಲದ ಚೌಡಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ ಕಣ್ಣು ಮುಚ್ಚಿ ಬಾಯಿ ತೆರೆದಳು. ಅಂಥ ಮನಸ್ಸು ನನಗಿರುತ್ತಿತ್ತೇ, ಹೇಳಲಾರೆ.

ಮರುದಿನ ಬೆಳಿಗ್ಗೆ ಮೇಗಳ ಬೀದಿಯಲ್ಲಿ ದಂಟಿನ ಸೊಪ್ಪಿನ ಕೂಗು ಕೇಳಲಿಲ್ಲ. ಚೌಡಮ್ಮ ಬುಟ್ಟಿ ಹೊತ್ತು ಬಂದಿದ್ದಳು, ಕೂಗಿಯೂ ಕೂಗಿದ್ದಳು. ಬಳಸಿ ಗೊತ್ತಿಲ್ಲದ ದನಿ ಅವಳ ಗಂಟಲಿನಿಂದ ಹೊಸಿಲು ದಾಟುವಷ್ಟೂ ಹೊರಬರಲಿಲ್ಲ. ಅದೇ ಹೊತ್ತಿಗೆ ಹಗ್ಗದ ಅಂಗಡಿಯ ಮನೆಯಿಂದ, "ರೀ, ನಿಮ್ಮ ತಿಂಡಿ ಆಗಿದೆ" ಎಂಬ ಮಾತು ಮೂರು ಬೀದಿಗೆ ಕೇಳಿಸಿತು. ಷಡಕ್ಷರಿ ಕೈಯಲ್ಲಿದ್ದ ಚೊಂಬು ಬೀಳಿಸಿದನಂತೆ.

ನಾನು ಅಷ್ಟರಲ್ಲಿ ಮಂಡಳಿಯ ಅಧ್ಯಕ್ಷರಾದ ಪರಶಿವಯ್ಯನವರ ಮನೆ ಜಗಲಿಯ ಮೇಲಿದ್ದೆ. ನನಗೆ ಕೆಲಸ ಕಲಿಸಿದವರು ಅವರು. ಎಲ್ಲ ಕೇಳಿಸಿಕೊಂಡು ಬಾಗಿಲು ಮುಂದೆ ಮಾಡಿದರು.

"ದಾಕ್ಷಾಯಿಣಿ, ದೂರು ಕೊಟ್ಟೋರು ಯಾರು?"

"ಯಾರೂ ಇಲ್ಲ. ಚೌಡಮ್ಮ ಕೊಡಲ್ಲ ಅಂತಾಳೆ."

"ಹಂಗಾದ್ರೆ ನಲವತ್ತೆಂಟು ದಿನ ಸುಮ್ನಿರು. ಆಮೇಲೆ ಅದಲು ಬದಲು ಮಾಡು. ದಿಕ್ಕು ತಪ್ಪಿದ ದನಿ, ತಿರುಗಿ ಮನೆಗೆ ಹೋಯ್ತು. ಅಷ್ಟೇ ಅಲ್ವಾ?"

"ಸುಳ್ಳು ಹೆಬ್ಬೆಟ್ಟು?"

"ಯಾರು ನೋಡ್ತಾರೆ?"

"ಹಾಲಪ್ಪನ ಮಣೆ ಮೇಲೆ ದಿನಾ ಜವಾನ ಕೂತಿರ್ತಾನೆ. ಅವನನ್ನ ದಾಟ್ಕೊಂಡು ನಾನು ಒಳಗೆ ಬರ್ಬೇಕಲ್ಲ. ದೂರು ನಾನೇ ಬರ್ಕೊಡ್ತೀನಿ."

ಪರಶಿವಯ್ಯನವರು ತಲೆ ಚಚ್ಚಿಕೊಂಡರು. ನಿನ್ನ ಹಟಕ್ಕೆ ಇಷ್ಟು ಬೆಂಕಿ ಹಾಕ ಎಂದರು. ನಾನು ಮನೆಗೆ ಬಂದು ನಾಲ್ಕು ಪುಟದ ದೂರು ಬರೆದೆ. ನನ್ನ ಮೇಲೆ ನಾನೇ. ತಪ್ಪನ್ನು ಎಲ್ಲೂ ಸಣ್ಣದು ಮಾಡಲಿಲ್ಲ. ತಾರೀಖು, ಗಿಂಡಿಯ ತೂಕ, ಅಲ್ಲಿ ಆಡಿದ ಮಾತು, ಎಲ್ಲ ಬರೆದೆ. ಅಷ್ಟು ಪ್ರಾಮಾಣಿಕವಾದ ಕಾಗದವನ್ನು ಮಂಡಳಿ ಎಂದೂ ನೋಡಿರಲಿಕ್ಕಿಲ್ಲ ಎಂಬ ಹೆಮ್ಮೆಯೂ ನನಗಿತ್ತು. ಎರಡು ಸಲ ಓದಿ ನೋಡಿ ಸಹಿ ಹಾಕಿದೆ.

ವಿಚಾರಣೆಯ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ದೂರುದಾರರಿಗೆ ಬಲಗಡೆಯ ಕುರ್ಚಿ, ಆರೋಪಿಗೆ ಎಡಗಡೆಯದು. "ಯಾವುದ್ರಲ್ಲಿ ಕೂರ್ತೀರಿ ತಾಯಿ?" ಎಂದು ಪರಶಿವಯ್ಯನವರು ಕೇಳಿದರು. ಎಡಗಡೆಯದರಲ್ಲಿ ಕೂತೆ. ಚೌಡಮ್ಮನನ್ನು ಕರೆದರು. ಏನು ನಷ್ಟವಾಯಿತು ಎಂದು ಕೇಳಿದರು. ಅವಳು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ, ಪಕ್ಕದ ಮನೆಯವಳೇ ಜೋರಾಗಿ ಹೇಳಬೇಕಾಯಿತು: ಸೊಪ್ಪು ಬುಟ್ಟಿಯಲ್ಲೇ ಬಾಡುತ್ತಿದೆ, ಆದರೂ ದಾಕ್ಷಾಯಣವ್ವನ ಮೇಲೆ ಸಿಟ್ಟಿಲ್ಲ. ನಾನು ಎದ್ದು ನಿಂತು, ಎಲ್ಲರೆದುರು, ಹೆಸರು ಹಿಡಿದು ಚೌಡಮ್ಮನ ಕ್ಷಮೆ ಕೇಳಿದೆ. ಆಮೇಲೆ ಗಿರಿಜಮ್ಮನನ್ನು ಕರೆದರು, ಹೆಬ್ಬೆಟ್ಟು ತಮ್ಮದಲ್ಲ ಎಂದು ಗಿರಿಜಮ್ಮ ಹೇಳಿದರು. ಷಡಕ್ಷರಿಯನ್ನು ಕರೆದು ನಿಮಗೇನು ನಷ್ಟ ಎಂದರು. "ಅವಳು ಉಪ್ಪು ಬೇಕಾ ಅಂದ್ರೆ ಅಂಗಡಿಗೆ ಬಂದ ಗಿರಾಕಿ ಎದ್ದು ನಿಂತ್ಕೋತಾರೆ ಸ್ವಾಮಿ" ಎಂದ. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಹಿಂದಿನ ಬೆಂಚಿನಲ್ಲಿ ಅವನ ಹೆಂಡತಿ ಸೆರಗು ಹೊದ್ದು ಕೂತಿದ್ದಳು.

ಸದಸ್ಯರು ಒಳಗೆ ಹೋಗಿ ಅರ್ಧ ಗಂಟೆ ಮಾತಾಡಿ ಬಂದರು. ಸಾಕ್ಷಿಯಿಲ್ಲದೆ ಹೊಯ್ದದ್ದು ಒಂದು, ಸುಳ್ಳು ಹೆಬ್ಬೆಟ್ಟು ಎರಡು. ದನಿಗಳು ಅವರವರಿಗೆ ಸೇರಿದ ದಿನದಿಂದ ಒಂದು ವರ್ಷ ಹಲಗೆ ತಿರುಗಿರತಕ್ಕದ್ದು. ಒಂದು ವರ್ಷ ಕಳೆದ ಮೇಲೆ ಇದೇ ಸಭೆಯಲ್ಲಿ ಮೂರು ಬಾರಿ ಆಕ್ಷೇಪಣೆ ಕೇಳಿ, ಯಾರದೂ ಇಲ್ಲವಾದರೆ ಮತ್ತೆ ನೇರ ಮಾಡತಕ್ಕದ್ದು. ಹಲಗೆ ಉಳಿಯಿತು. ಮಣೆಯಾಗಲಿಲ್ಲ. ಒಂದು ವರ್ಷ ತಾನೇ, ಹಲ್ಲು ಕಚ್ಚಿಕೊಂಡು ಕಳೆಯುತ್ತೇನೆ, ನನ್ನ ಹೆಸರನ್ನು ನಾನು ವಾಪಸು ತರುತ್ತೇನೆ ಎಂದು ಅಲ್ಲೇ ನಿಶ್ಚಯ ಮಾಡಿಕೊಂಡೆ.

ನಲವತ್ತೆಂಟನೆಯ ದಿನ ಪರಶಿವಯ್ಯನವರ ಎದುರಿನಲ್ಲಿ ನಾನೇ ಅದಲು ಬದಲು ಮಾಡಬೇಕಿತ್ತು. ಅಷ್ಟು ದಿನದಲ್ಲಿ ಗಿರಿಜಮ್ಮನ ಸೊಸೆ ಮನೆಯ ಚಹರೆಯನ್ನೇ ಬದಲಿಸಿದ್ದಳು. ಇನ್ನೊಂದು ಮುದ್ದೆ ಬೇಕು ಎಂದು ಕೇಳಿ ಹಾಕಿಸಿಕೊಂಡಿದ್ದಳು. ತವರಿಗೆ ಹೋಗಿಬರುತ್ತೇನೆ ಎಂದು ಹೇಳಿ ಹೋಗಿಬಂದಿದ್ದಳು. ಅವಳು ಕರೆದರೆ ಷಡಕ್ಷರಿ ತಿರುಗಿ ನೋಡುತ್ತಿದ್ದ. ಗಿಂಡಿ ಹಿಡಿದು ನಾನು ಮುಂದೆ ನಿಂತಾಗ ಅವಳು ಕೇಳಿದಳು, ಚೌಡಮ್ಮನ ಆ ದೊಡ್ಡ ದನಿಯನ್ನು ಹೇಗೋ ಸಣ್ಣದು ಮಾಡಿಕೊಂಡು:

"ಕೊಡಲ್ಲ ಅಂದ್ರೆ ಬಿಡ್ತೀರಾ?"

"ಅದು ಚೌಡಮ್ಮಂದು ಹುಡುಗಿ. ಅವಳ ಹೊಟ್ಟೆಪಾಡು."

"ಗೊತ್ತು" ಎಂದಳು. ಬಾಯಿ ತೆರೆದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ದನಿಯನ್ನು ಗಿಂಡಿಗೆ ಇಳಿಸಿಕೊಂಡೆ. ಮರುದಿನ ಬೆಳಿಗ್ಗೆ ಕೆಳಗಿನ ಬೀದಿಯವರು ಚೌಡಮ್ಮನ ಕೂಗಿಗೆ ಎದ್ದು ಮುಖ ತೊಳೆದರು. ಹಗ್ಗದ ಅಂಗಡಿಯ ಮನೆ ಹಿಂದಿನ ಹಾಗೆಯೇ ತಣ್ಣಗಾಯಿತು.

ಮಂಡಳಿಯವರು ನನ್ನ ಗಿಂಡಿಗಳಿಗೆ ಮೊಹರು ಒತ್ತಿ ಒಯ್ದರು. ಮೊದಲ ವಾರ ಮನೆಯ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿದೆ. ಎರಡನೆಯ ವಾರ ತಿಕ್ಕಿದ್ದನ್ನೇ ತಿಕ್ಕಿದೆ. ಮೂರನೆಯ ವಾರ ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ತಿರುಗಿದ ಹಲಗೆಯವರು ದನಿಯನ್ನು ಹುಡುಕುವಂತಿಲ್ಲ, ಇಳಿಸುವಂತಿಲ್ಲ, ಒಯ್ಯುವಂತಿಲ್ಲ, ಹೊಯ್ಯುವಂತಿಲ್ಲ. ಗಂಟಲಲ್ಲೇ ಇರುವ ದನಿಯನ್ನು ಬೆಳೆಸುವಂತಿಲ್ಲ ಎಂದು ಎಲ್ಲೂ ಬರೆದಿರಲಿಲ್ಲ. ಪುಸ್ತಕ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು ಕೆರೆಯ ಕಡೆ ನಡೆದೆ.

ಅಲ್ಲಿ ಗಿರಿಜಮ್ಮನ ಸೊಸೆ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ನೋಡಿ ಬೆನ್ನು ತಿರುಗಿಸಿದಳು. ನಾನು ಪಕ್ಕದ ಕಲ್ಲಿನ ಮೇಲೆ ಕೂತೆ.

"ನಿನ್ನ ದನೀನ ಗಿಂಡೀಲಿ ಹೊತ್ತೋಳು ನಾನು. ಇಪ್ಪತ್ತೇಳು ವರ್ಷದಲ್ಲಿ ಅಷ್ಟು ಭಾರದ್ದು ಹೊತ್ತಿರ್ಲಿಲ್ಲ. ಕೈ ಬಿದ್ದೋಗೋ ಹಾಗಿತ್ತು. ಅದಕ್ಕೇ ಚೌಡಮ್ಮಂದು ಅಂತ ಮೋಸ ಹೋದೆ."

ಬಟ್ಟೆ ಒಗೆಯುವ ಸದ್ದು ನಿಂತಿತು. "ಭಾರ ಇತ್ತಾ?" ಎಂದಳು. ತುಟಿ ನೋಡದಿದ್ದರೆ ಕೇಳಿಸುತ್ತಿರಲಿಲ್ಲ.

"ನಾಳೆಯಿಂದ ಮಧ್ಯಾಹ್ನ ಕಲ್ಲುಗಣಿ ಹತ್ರ ಬಾ."

ಊರಾಚೆ ಕೈಬಿಟ್ಟ ಕಲ್ಲುಗಣಿ ಇದೆ. ಅಲ್ಲಿ ಕೂಗಿದರೆ ನಾಯಿಯೂ ತಲೆಯೆತ್ತುವುದಿಲ್ಲ. ದನಿಯನ್ನು ಇಳಿಸುವುದು ಹೊಯ್ಯುವುದು ನನಗೆ ಗೊತ್ತಿತ್ತೇ ಹೊರತು ಎಬ್ಬಿಸುವುದು ಗೊತ್ತಿರಲಿಲ್ಲ. ಮೊದಲ ತಿಂಗಳು ಅವಳನ್ನು ಗದರಿದ್ದೇ ಆಯಿತು. ಅವಳು ಇನ್ನಷ್ಟು ಸಣ್ಣಗಾದಳು. ಕೊನೆಗೆ ಮಾನ ಬಿಟ್ಟು ಚೌಡಮ್ಮನನ್ನು ಕರೆದೆ. ಅವಳು ಖಾಲಿ ಬುಟ್ಟಿ ಹೊತ್ತುಕೊಂಡು ಬಂದು, ನಮ್ಮಿಬ್ಬರನ್ನೂ ನೋಡಿ ಸೊಂಟಕ್ಕೆ ಕೈಯಿಟ್ಟಳು.

"ಗಂಟಲು ಹರ್ಕೊಂಡ್ರೆ ಬತ್ತದಾ? ಹೊಟ್ಟೆಯಿಂದ ಬರ್ಬೇಕು ಕಣವ್ವ. ಊರ್ನೇ ಕೂಗ್ಬ್ಯಾಡ, ಊರಿಗೆ ಕಿವಿ ಇಲ್ಲ. ಒಂದು ಕಿಟಕಿ ಹಿಡ್ಕೋ. ಆ ಕಿಟಕೀಲಿ ಒಬ್ಬಳು ಅವ್ಳೆ, ಅವಳ್ಗೆ ಸೊಪ್ಪು ಬೇಕು. ಅವಳೊಬ್ಬಳ್ಗೆ ಕೂಗು."

ಗಣಿಯ ಎದುರುಗೋಡೆಯಲ್ಲಿ ಬಂಡೆ ಸಿಡಿದು ಕಿಟಕಿಯಂಥ ಒಂದು ಗೂಡು ಆಗಿತ್ತು. ಅದೇ ಅವಳ ಕಿಟಕಿ. ದಿನಾ ಮಧ್ಯಾಹ್ನ ಒಗೆದ ಬಟ್ಟೆಯ ಬುಟ್ಟಿ ಪಕ್ಕಕ್ಕಿಟ್ಟು ಆ ಗೂಡಿಗೆ ದಂಟಿನ ಸೊಪ್ಪು ಕೂಗುತ್ತಿದ್ದಳು. ನಾಲ್ಕನೆಯ ತಿಂಗಳಿಗೆ ಮಾತು ಗಣಿಯ ಅರ್ಧಕ್ಕೆ ಹೋಯಿತು. ಏಳನೆಯ ತಿಂಗಳಲ್ಲಿ ಒಂದು ದಿನ ಆ ಗೂಡಿನಿಂದ ಎರಡು ಪಾರಿವಾಳ ಗಾಬರಿಯಾಗಿ ಹಾರಿದವು. ಚೌಡಮ್ಮ ಬುಟ್ಟಿ ಎಸೆದು ಕುಣಿದಳು. ನಾನು ಅತ್ತೆ. ಅತ್ತದ್ದನ್ನು ಯಾರಿಗೂ ಹೇಳಬೇಡಿ ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡೆ.

"ಮನೇಲಿ ಮಾತಾಡ್ತೀಯಾ ಹುಡುಗಿ?" ಎಂದು ಆಗಾಗ ಕೇಳುತ್ತಿದ್ದೆ.

"ಸ್ವಲ್ಪ ಸ್ವಲ್ಪ. ಅತ್ತೆಗೆ ಸಂಜೆ ಪೇಪರ್ ಓದಿ ಹೇಳ್ತೀನಿ. ಅವರಿಗೆ ಕಣ್ಣು ಮಂಜು."

"ಏನಂತಾರೆ?"

"ಏನೂ ಅನ್ನಲ್ಲ. ನಿಲ್ಲಿಸಿದ್ರೆ ಮುಂದೆ ಓದು ಅಂತಾರೆ."

ವರ್ಷ ತುಂಬಿತು. ಕಳೆದ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಸಭೆ. ನಾನು ನನ್ನ ಮದುವೆಯ ಕಡುಹಸಿರು ಸೀರೆ ಉಟ್ಟು ಹೋಗಿದ್ದೆ. ಜವಾನ ಏಣಿ ಹಾಕಿ ನನ್ನ ಹಲಗೆಯ ಮೇಲೆ ಕೈಯಿಟ್ಟು ನಿಂತಿದ್ದ. ಪಕ್ಕದ ಮೇಜಿನ ಮೇಲೆ ಮೊಹರು ಒಡೆಯಲು ಕಾದಿದ್ದ ನನ್ನ ಗಿಂಡಿಗಳು. ಪರಶಿವಯ್ಯನವರು ಒಂದನೆಯ ಬಾರಿ ಕೇಳಿದರು, "ಆಕ್ಷೇಪಣೆ ಇದೆಯೇ?" ಎರಡನೆಯ ಬಾರಿ ಕೇಳಿದರು. ಚೌಡಮ್ಮ ನನ್ನ ಕಡೆ ನೋಡಿ ಹಲ್ಲು ಬಿಟ್ಟಳು. ಮೂರನೆಯ ಬಾರಿ ಕೇಳಿ, ಉತ್ತರಕ್ಕೆ ಕಾಯದೆ ಜವಾನನಿಗೆ ಸನ್ನೆ ಮಾಡಲು ಕೈಯೆತ್ತಿದರು.

"ಇದೆ."

ಹಿಂದಿನ ಬೆಂಚಿನಿಂದ ಬಂತು. ಕಿರುಚಿದ್ದಲ್ಲ. ಕೂಗಿದ್ದೂ ಅಲ್ಲ. ಒಂದು ಕಿಟಕಿ ಹಿಡಿದು ಆಡಿದ ಮಾತು. ಇಡೀ ಸಭೆ ಒಟ್ಟಿಗೆ ಹಿಂತಿರುಗಿತು. ಅವಳು ಎದ್ದು ನಿಂತಿದ್ದಳು, ಸೆರಗು ಹೆಗಲ ಮೇಲಿತ್ತು.

"ಅವತ್ತು ಇಲ್ಲಿ ಎಲ್ಲರನ್ನೂ ಕೇಳಿದ್ರಿ. ಚೌಡಮ್ಮನ್ನ ಕೇಳಿದ್ರಿ, ನಮ್ಮತ್ತೇನ ಕೇಳಿದ್ರಿ, ನಮ್ಮ ಯಜಮಾನ್ರನ್ನ ಕೇಳಿದ್ರಿ. ಹೋಗಿದ್ದು ನನ್ನ ದನಿ. ನನ್ನನ್ನ ಯಾರೂ ಕೇಳಲಿಲ್ಲ. ದಾಕ್ಷಾಯಣಮ್ಮನವರು ಗಿಂಡಿ ಎತ್ತಿದಾಗ ನಾನು ಕೈ ಮುಂದೆ ಮಾಡಿದೆ. ತಡೀರಿ ಅಂತ. ಗುರುತು ಸಿಗದೆ ಹುಯ್ಯಬೇಡಿ, ಬಾಗಿಲಿಗೆ ಚಿಂದಿ ಹಾಗೇ ಇರಲಿ, ಇನ್ನೂ ಹುಡುಕಿ ಅಂತ. ನೋಡಿಯೂ ಹುಯ್ದರು. ಚೌಡಮ್ಮನ ಹತ್ರ ಕ್ಷಮೆ ಕೇಳಿದರು. ನನ್ನ ಹತ್ರ ಕೇಳಲಿಲ್ಲ. ನನಗೆ ಲಾಭವಾಯ್ತು ಅಂದ್ಕೊಂಡರು."

ಪರಶಿವಯ್ಯನವರು ಕಡತ ಬಿಡಿಸಿದರು. "ತಾಯಿ, ದೂರಿನಲ್ಲಿ ಎಲ್ಲ ವಿವರವಾಗಿ ಬರೆದಿದೆಯಲ್ಲ."

"ಓದಿ. ನನ್ನ ಹೆಸರು ಎಲ್ಲಿದೆ ನೋಡಿ."

ಅವರು ಓದಿದರು. ಒಂದನೆಯ ಪುಟ, ಎರಡನೆಯ ಪುಟ. ನಾಲ್ಕೂ ಪುಟ ತಿರುವಿ ಹಾಕಿದರು. ಗಿರಿಜಮ್ಮನವರ ಸೊಸೆ. ಷಡಕ್ಷರಿಯವರ ಪತ್ನಿ. ಸದರಿ ಸೊಸೆ. ಸದರಿ ಹುಡುಗಿ. ನಾನು ಅಷ್ಟು ಹೆಮ್ಮೆಯಿಂದ ಬರೆದ ಕಾಗದ ಅದು. ಗಿಂಡಿಯ ತೂಕ ಬರೆದವಳಿಗೆ ಅವಳ ಹೆಸರು ಬರೆಯಬೇಕು ಅನ್ನಿಸಿರಲಿಲ್ಲ. ವರ್ಷಪೂರ್ತಿ ಗಣಿಯಲ್ಲಿ ಹುಡುಗಿ ಎಂದೇ ಕರೆದೆ. ಇಲ್ಲಿಯತನಕ ನಿಮಗೂ ಹಾಗೆಯೇ ಹೇಳಿಕೊಂಡು ಬಂದೆ, ನೀವೂ ಕೇಳಲಿಲ್ಲ.

"ನನ್ನ ಹೆಸರು ಸರ್ವಮಂಗಳ" ಎಂದಳು. "ಅದನ್ನ ಬರೀಬೇಕು. ನನ್ನ ಹೇಳಿಕೆ ಬರ್ಕೋಬೇಕು. ಅಲ್ಲೀವರೆಗೆ ಆ ಹಲಗೆ ನೇರ ಮಾಡಬಾರದು."

ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ನಾನು ಕಲಿಸಿದ ದನಿಯಲ್ಲೇ ನನ್ನ ಹಲಗೆಗೆ ಅಡ್ಡ ನಿಂತಳಲ್ಲ ಎಂದು ಕಿವಿ ಬಿಸಿಯಾಯಿತು. ಆ ಸಿಟ್ಟು ಬಂದು ಕೂರುವಷ್ಟರಲ್ಲಿ ಅದರ ಹಿಂದೆಯೇ ಹೆಮ್ಮೆಯೂ ಬಂತು. ಅವಳ ಮಾತಿಗೆ ಮೈಕು ಬೇಕಾಗಿರಲಿಲ್ಲ. ಪಕ್ಕದವರು ಜೋರಾಗಿ ಹೇಳಬೇಕಾಗಿರಲಿಲ್ಲ. ಯಾರೂ ನಗಲಿಲ್ಲ. ಎಡಗಡೆಯ ಕುರ್ಚಿಯಿಂದ ಎದ್ದೆ.

"ಆಕ್ಷೇಪಣೆ ಸರಿಯಾಗಿದೆ" ಎಂದೆ. "ಸರ್ವಮಂಗಳಾ, ನಿನ್ನನ್ನ ಕೇಳದೆ ಹೊಯ್ದೆ, ಕೇಳದೆ ತೆಗೆದೆ. ತಪ್ಪಾಯ್ತು. ಇದು ನಿನಗೇ ಹೇಳ್ತಿರೋದು, ಸಭೆಗಲ್ಲ."

ಅವಳು ತಲೆಯಾಡಿಸಿದಳು. ಕೂರಲಿಲ್ಲ.

ಪರಶಿವಯ್ಯನವರು ಸದಸ್ಯರ ಕಡೆ ಬಾಗಿ ಮಾತಾಡಿ, ಗಂಟಲು ಸರಿಮಾಡಿಕೊಂಡರು. ಹೇಳಿಕೆ ಪಡೆದು, ಕಡತ ಹೊಸದಾಗಿ ಬರೆದು, ಮತ್ತೆ ವಿಚಾರಣೆ ನಡೆಯಬೇಕು; ಹಲಗೆ ಇನ್ನೂ ಮೂರು ತಿಂಗಳು ಹೀಗೆಯೇ. ಆಮೇಲೆ ಅವರಿಗೆ ನಿಯಮ ನೆನಪಾಯಿತು. ಒಮ್ಮೆ ಬದಲಾದ ದನಿಯವರು ಹೇಳಿಕೆ ಕೊಡುವುದಾದರೆ ಅದು ಅವರದೇ ದನಿ ಎಂದು ಮನೆಯವರು ಗುರುತಿಸಬೇಕು.

"ಮನೆಯವರು ಯಾರಾದರೂ ಬಂದಿದ್ದೀರಾ?" ಎಂದರು.

ಷಡಕ್ಷರಿ ಅಂಗಡಿ ಬಿಟ್ಟು ಬಂದಿರಲಿಲ್ಲ. ನನಗೆ ಆ ಅವರೆಕಾಯಿ ಸುಲಿಯುತ್ತಿದ್ದ ಮಧ್ಯಾಹ್ನ ನೆನಪಾಯಿತು. ಮತ್ತೊಮ್ಮೆ ಅವಳೆದುರಿಗೇ ಆ ಮಾತು ಬರಬಾರದು, ನನ್ನ ಹಲಗೆ ಬೇಕಾದರೆ ಮಣೆಯೇ ಆಗಲಿ ಎಂದು ಬೇಡಿಕೊಂಡೆ. ಹಿಂದಿನ ಬೆಂಚಿನ ತುದಿಯಲ್ಲಿ ಯಾರೋ ಕೋಲೂರಿ ಏಳುತ್ತಿದ್ದರು. ಗಿರಿಜಮ್ಮ. ಮಂಜುಗಣ್ಣು ಕಿರಿದು ಮಾಡಿಕೊಂಡು, ಬೆಂಚುಗಳನ್ನು ತಡವಿಕೊಂಡು ಮೇಜಿನ ತನಕ ಬಂದರು.

"ಗಿಂಡಿ ಬೇಕಾ ಕೇಳಕ್ಕೆ?" ಎಂದರು ಪರಶಿವಯ್ಯನವರು.

"ಗಿಂಡಿ ಯಾತಕ್ಕೆ? ದಿನಾ ಸಂಜೆ ಕೇಳ್ತೀನಲ್ಲ" ಎಂದರು ಗಿರಿಜಮ್ಮ. "ನಮ್ಮ ಸರ್ವಮಂಗಳದೇ ದನಿ. ಎಲ್ಲಿ ಒತ್ತಬೇಕು?"

ಸಾಕ್ಷಿ ಪುಸ್ತಕವನ್ನು ಅವರ ಮುಂದೆ ನಾನೇ ಹಿಡಿದೆ. ಮಸಿಯಲ್ಲಿ ಬೆರಳು ಅದ್ದಿಸಿ ಜಾಗ ತೋರಿಸಿದೆ. ಹಿಂದಿನ ವರ್ಷದ ಹಾಳೆಯಲ್ಲಿ ಅವರ ಹೆಸರಿನ ಮುಂದೆ ನನ್ನ ಹೆಬ್ಬೆಟ್ಟಿತ್ತು, ಅಡ್ಡಗೆರೆ ಎಳೆದಿದ್ದರು. ಈ ಹಾಳೆಯಲ್ಲಿ ಅವರದು ಬಿತ್ತು, ಒತ್ತಿ ಒತ್ತಿ ಇಟ್ಟಿದ್ದರಿಂದ ಮಸಿ ಸ್ವಲ್ಪ ಹರಡಿತು. ಗುಮಾಸ್ತ ಪೆನ್ನು ತೆಗೆದು, ಹೇಳಿ ತಾಯಿ ಎಂದ. ಜವಾನ ನನ್ನ ಹಲಗೆಯಿಂದ ಕೈ ತೆಗೆದು ಏಣಿ ಇಳಿದ. ಸರ್ವಮಂಗಳ ಮೊದಲಿನಿಂದ ಶುರು ಮಾಡಿದಳು, ನಾನು ಎಡಗಡೆಯ ಕುರ್ಚಿಯಲ್ಲಿ ಕೂತು ಪೂರ್ತಿ ಕೇಳಿದೆ.